ಮೀನಿನ ಫಾರಮ್ಮಿನಲ್ಲಿ ಹುಲ್ಲೆಗಳು

ಮಿಡಿಗೇಶಿಯಿಂದ ಮೂರು ಮೈಲಿ ಆಚೆಗಿನ ಗೊಲ್ಲರಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೊದಲ ಹೆಣ್ಣು ಹೊನ್ನಕ್ಕ. ಪಾಸಾದ ಮೇಲೆ ಎರಡು ವರ್ಷ ಅವಳ ಓದು, ಅಟ್ಟಕ್ಕೇರಿಸಿದ ಹೊಸ ಪಾತ್ರೆಯ ಹಾಗೆ, ಯಾರಿಗೂ ಬೇಡವಾಗಿ ಹೊಳೆಯುತ್ತ ಕೂತಿತ್ತು. ಎಂಬತ್ತನಾಲ್ಕನೇ ಇಸವಿಯ ಬೇಸಗೆಯಲ್ಲಿ ಅದಕ್ಕೊಂದು ಕೆಲಸ ಬಂತು. ಕಾಡುಪ್ರಾಣಿಗಳ ಅಧ್ಯಯನ ಮಾಡುವ, ಕೊರಟಗೆರೆ ಕಡೆಯ ಗಂಗಾಧರಯ್ಯ ಅನ್ನುವವರು ಮಧುಗಿರಿಯಲ್ಲಿ ಒಂದು ಮಹಡಿ ಕೋಣೆ ಹಿಡಿದು, ಕಾವಲಿನ ಹುಲ್ಲೆಗಳ ಲೆಕ್ಕ ಬರೆಯಲು ಅಕ್ಷರವೂ ಬಲ್ಲ ಬಿಸಿಲೂ ಬಲ್ಲ ಒಬ್ಬರು ಬೇಕು ಎಂದು ಹೇಳಿಕಳಿಸಿದರು.

ಕಾವಲು ಎಂದರೆ ಹಟ್ಟಿಯ ಬೆನ್ನಿಗೇ ಶುರುವಾಗುವ ಹುಲ್ಲುಬಯಲು. ಹಟ್ಟಿಯ ಕುರಿಗಳಿಗೆ ಅದೇ ತವರು, ಅದೇ ಅತ್ತೆಮನೆ. ಹುಲ್ಲೆಗಳಿಗೂ ಅಷ್ಟೇ. ಆ ವರ್ಷ ಅಲ್ಲಿ ನೀಲಗಿರಿ ಸಸಿ ನೆಡುವ ಯೋಜನೆ ಬಂದಿತ್ತು. ಯೋಜನೆಯ ಅಧಿಕಾರಿ ಶಂಕರಲಿಂಗಪ್ಪ ಒಂದು ಮಾತು ಕೊಟ್ಟಿದ್ದರು: ಹುಲ್ಲೆ ಹೆಚ್ಚಾಗಿರುವ ಕಡೆ ಗುಂಡಿ ತೋಡುವುದಿಲ್ಲ, ಇಲ್ಲದ ಕಡೆ ಮೊದಲ ಮಳೆಗೇ ಸಸಿ. ಸಸಿ ಬಂದರೆ ಬೇಲಿ ಬರುತ್ತದೆ, ಬೇಲಿ ಬಂದರೆ ಕುರಿ ಎಲ್ಲಿಗೆ ಹೋಗಬೇಕು? ಹೊನ್ನಕ್ಕನ ದೊಡ್ಡಪ್ಪ ಓಬಳಪ್ಪ ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿ, ಉತ್ತರಕ್ಕೆ ಕಾಯದೆ ಬೀಡಿ ಹಚ್ಚುತ್ತಿದ್ದ.

ಗಂಗಾಧರಯ್ಯ ಕಾವಲಿನ ನಕ್ಷೆಯನ್ನು ಇಪ್ಪತ್ತನಾಲ್ಕು ಚೌಕ ಮಾಡಿದ್ದರು. ಒಂದೊಂದು ಚೌಕಕ್ಕೂ ಒಂದು ಫಾರಂ. ಯಾವ ಚೌಕದಲ್ಲಿ ಎಷ್ಟು ಹುಲ್ಲೆ ಅಂತ ಹೊನ್ನಕ್ಕ ಬರೆದರೆ, ಫಾರಂ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಕೋಣೆಯಷ್ಟು ದೊಡ್ಡ ಕಂಪ್ಯೂಟರು ಆ ತೂತುಗಳನ್ನು ಓದಿ ನಕ್ಷೆ ಅಚ್ಚು ಹಾಕಿ ಕೊಡುತ್ತದೆ. ಹುಲ್ಲೆ ಇಲ್ಲದಿದ್ದರೆ ಚೌಕ ಖಾಲಿ, ಒಂದೆರಡಿದ್ದರೆ ಚುಕ್ಕಿ, ತಕ್ಕಮಟ್ಟಿಗಿದ್ದರೆ ಕೂಡುವ ಗುರುತು, ತುಂಬ ಇದ್ದರೆ ನಕ್ಷತ್ರ.

ಇದರಲ್ಲಿ ಒಂದು ತಮಾಷೆ ಇತ್ತು. ಕಂಪ್ಯೂಟರಿಗೆ ನಕ್ಷೆ ಬರೆಯುವುದನ್ನು ಕಲಿಸಿದವರು ಮಂಗಳೂರಿನ ಕಡೆ ಸಮುದ್ರದ ಮೀನು ಲೆಕ್ಕ ಹಾಕುವವರು. ಅವರ ಫಾರಂ, ಅವರ ಪ್ರೋಗ್ರಾಂ, ಎರಡನ್ನೂ ಗಂಗಾಧರಯ್ಯ ಕೇಳಿ ಪಡೆದಿದ್ದರು. ಹಾಗಾಗಿ ಫಾರಮ್ಮಿನ ಮೂರನೆಯ ಮನೆಯಲ್ಲಿ "ನೀರಿನ ಆಳ" ಎಂದಿತ್ತು.

"ನೀರೆಲ್ಲೈತೆ ಸಾರ್ ನಮ್ಮ ಕಾವಲಲ್ಲಿ?" ಎಂದಳು ಹೊನ್ನಕ್ಕ.

"ಆ ಮನೆ ಖಾಲಿ ಬಿಟ್ರೆ ಕಂಪ್ಯೂಟರು ಮುನಿಸ್ಕೊಳ್ತದಮ್ಮ. ಹುಲ್ಲು ಎಷ್ಟೆತ್ತರ ಇದೆ ಅಂತ ಬರೀ."

ಹೊನ್ನಕ್ಕನಿಗೆ ಅದು ಬಲು ಹಿಡಿಸಿತು. ಮೊಣಕಾಲುದ್ದದ ಹುಲ್ಲಿನಲ್ಲಿ ನಿಂತು ಗಾಳಿ ಬೀಸಿದಾಗೆಲ್ಲ ತಾನು ಮೊಣಕಾಲುದ್ದದ ಕಡಲಿನಲ್ಲಿ ನಿಂತಿದ್ದೇನೆ, ಕರಿಬೆನ್ನಿನ ಮೀನುಗಳು ಚಂಗನೆ ಹಾರಿ ಅಲೆ ದಾಟುತ್ತಿವೆ ಅಂದುಕೊಳ್ಳುವಳು. ಹದಿನೈದು ದಿನ ಕಡಲಿನಲ್ಲಿ ಅಲೆದು ಇಪ್ಪತ್ತನಾಲ್ಕು ಫಾರಂ ತುಂಬಿ ಕೊಟ್ಟಳು.

ನಕ್ಷೆ ಬಂದ ದಿನ ಮಹಡಿ ಕೋಣೆಯಲ್ಲಿ ಶಂಕರಲಿಂಗಪ್ಪನವರೂ ಕೂತಿದ್ದರು. ಅಂಚಿಗೆ ಸಾಲಾಗಿ ತೂತಿದ್ದ ಉದ್ದನೆಯ ಕಾಗದವನ್ನು ಗಂಗಾಧರಯ್ಯ ಮೇಜಿನ ಮೇಲೆ ಬಿಚ್ಚಿದರು. ಒಂದೂ ನಕ್ಷತ್ರವಿಲ್ಲ. ಕೂಡುವ ಗುರುತೂ ಇಲ್ಲ. ಎಲ್ಲಾ ಚುಕ್ಕಿ.

"ನಿಮ್ಮ ಯಂತ್ರವೇ ಹೇಳ್ತಾ ಇದೆಯಲ್ಲ ಸ್ವಾಮಿ," ಎಂದು ಶಂಕರಲಿಂಗಪ್ಪ ಎದ್ದರು. "ಮೀನೂ ಇಲ್ಲ, ಹುಲ್ಲೆಯೂ ಇಲ್ಲ. ಇಪ್ಪತ್ತು ದಿನಕ್ಕೆ ಗುಂಡಿ ಕೆಲಸ ಶುರು."

ಅವರು ಮೆಟ್ಟಿಲಿಳಿದ ಮೇಲೆ ಗಂಗಾಧರಯ್ಯ ಕನ್ನಡಕ ತೆಗೆದರು. "ಹೊನ್ನಕ್ಕ, ಹದಿನಾಲ್ಕನೇ ಚೌಕದಲ್ಲಿ ನಾನೇ ಒಂದು ಹಿಂಡು ನೋಡಿದ್ದೆ. ನಲವತ್ತಕ್ಕೆ ಕಮ್ಮಿ ಇರಲಿಲ್ಲ. ನೀನು ಎರಡು ಅಂತ ಬರೆದಿದ್ದೀಯ."

ಹೊನ್ನಕ್ಕ ಕಾಗದ ನೋಡಿದಳು, ತನ್ನ ಬಲಗೈ ನೋಡಿಕೊಂಡಳು. ಕಳ್ಳ ಸಿಕ್ಕಿದ್ದ.

ಅವರ ಹಟ್ಟಿಯಲ್ಲಿ ಜೀವಂತ ಪ್ರಾಣಿಯನ್ನು ಎಣಿಸಿ ಹೇಳುವವರು ಯಾರೂ ಇಲ್ಲ. ಮುನ್ನೂರು ಕುರಿ ಇದ್ದವನನ್ನು ಕೇಳಿದರೂ "ಏನೋ ಒಂದೆರಡು ಮರಿ ಅವೆ" ಅನ್ನುತ್ತಾನೆ. ಲೆಕ್ಕ ಬಾಯಿಂದ ಹೊರಬಿದ್ದರೆ ಅದು ತೋಳನ ಕಿವಿಗೆ ಬೀಳುತ್ತದೆ, ದೃಷ್ಟಿ ತಾಗುತ್ತದೆ. ಹೊನ್ನಕ್ಕ ಹಿಂಡು ನೋಡಿದ್ದಳು, ನಲವತ್ತು ಅಂತ ತಿಳಿದಿತ್ತು, ಆದರೆ ಫಾರಂ ಮುಂದೆ ಕೂತಾಗ ಕೈ ತನ್ನಷ್ಟಕ್ಕೆ ಎರಡು ಬರೆದಿತ್ತು. ಇನ್ನೂ ಮುದ್ದಾದ ಹಿಂಡು ಇದ್ದ ಕಡೆ ಒಂದು.

"ತಪ್ಪಾಯ್ತು ಸಾರ್," ಎಂದು ಎಲ್ಲವನ್ನೂ ಹೇಳಿದಳು. "ಇನ್ನೊಂದ್ ಸಲ ಬರ್ಕೊಡ್ತೀನಿ."

ಗಂಗಾಧರಯ್ಯನವರಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. "ನಕ್ಷೆ ಬರೋಕೆ ಹತ್ತು ದಿನ ಬೇಕು. ನಿನಗೆ ಒಂದು ವಾರ. ಒಬ್ಬಳೇ ಇಪ್ಪತ್ತನಾಲ್ಕು ಚೌಕ ಆಗಲ್ಲ. ಕುರಿಯೋರನ್ನ ಕೇಳು."

ಕೇಳುವುದೇನೋ ಸುಲಭ. ಓಬಳಪ್ಪ ಕಂಬಳಿ ಕೊಡವಿ ಎದ್ದ.

"ಎಷ್ಟವೆ ಅಂತ ಕೇಳ್ತೀಯೇನಮ್ಮಿ? ನಿನ್ನ ಬಾಯಿಗೆ ಬೆಂಕಿ ಹಾಕ! ಇಸ್ಕೂಲಲ್ಲಿ ಇದೇನಾ ಹೇಳ್ಕೊಟ್ಟಿದ್ದು?"

"ದೊಡ್ಡಪ್ಪ, ಹೇಳ್ಲಿಲ್ಲ ಅಂದ್ರೆ ಕಾವಲೇ ಹೋಯ್ತದೆ."

"ಹೇಳುದ್ರೆ ಹುಲ್ಲೆ ಹೋಯ್ತವೆ. ಯಾವ್ದು ಹೋದ್ರೆ ವಾಸಿ, ನೀನೇ ಹೇಳು."

ಒಳಗೆ ರಾಗಿ ಕೇರುತ್ತಿದ್ದ ಅಜ್ಜಿ ಕರಿಯಕ್ಕ ಮೊರ ನಿಲ್ಲಿಸಿದಳು. "ಲೇ ಓಬಳ, ಸಂಜೆ ಕುರಿ ರೊಪ್ಪಕ್ಕೆ ತುಂಬ್ತೀಯಲ್ಲ, ಒಂದು ಕಮ್ಮಿಯಾದ್ರೆ ನಿಂಗೆ ಹೆಂಗ್ ಗೊತ್ತಾಯ್ತದೋ?"

"ಮುಖ ಕಾಣ್ದಿದ್ರೆ ಗೊತ್ತಾಯ್ತದೆ ಕಣವ್ವ. ಕಿವಿಹರುಕಿ ಬರ್ಲಿಲ್ಲ, ಬಿಳಿಮೂತಿ ಬರ್ಲಿಲ್ಲ ಅಂತ. ಎಣಿಸ್ತಾರೇನು ಯಾರಾದ್ರೂ?"

"ಹುಲ್ಲೇದೂ ಅಂಗೇ ಗೊತ್ತೋ?"

"ಗೊತ್ತಿಲ್ದೆ? ದಿನಾ ನೋಡೋ ಮುಖ."

ಹೊನ್ನಕ್ಕ ಥಟ್ಟನೆ ಎದ್ದು ರೊಪ್ಪಕ್ಕೆ ಓಡಿದಳು. ರೊಪ್ಪದ ಪಕ್ಕದ ಹಾಸುಬಂಡೆಯನ್ನು ಗುಡಿಸಿ, ಸುಣ್ಣದ ಕಲ್ಲಿನಲ್ಲಿ ಇಪ್ಪತ್ತನಾಲ್ಕು ಚೌಕ ಗೀಚಿದಳು. ಹಳ್ಳವನ್ನೂ ಮುತ್ತುಗದ ಮರವನ್ನೂ ಹುತ್ತವನ್ನೂ ಗುರುತು ಮಾಡಿದಳು. ಆಮೇಲೆ ದೊಡ್ಡಪ್ಪನನ್ನೂ ಅಜ್ಜಿಯನ್ನೂ ಬಂಡೆಯ ಹತ್ತಿರ ಕರೆತಂದು, ಮಡಿಲು ತುಂಬ ಒಣಗಿದ ಕುರಿಹಿಕ್ಕೆ ತಂದು ದೊಡ್ಡಪ್ಪನ ಮುಂದೆ ಸುರಿದಳು.

"ನೀನು ಎಣಿಸ್ಬ್ಯಾಡ. ಬಾಯಿನೂ ತೆಗೀಬ್ಯಾಡ. ಒಂದೊಂದು ಮುಖ ನೆನೆಸ್ಕೊಂಡು, ಅದು ಎಲ್ಲಿ ಮೇಯ್ತದೋ ಅಲ್ಲಿ ಒಂದು ಹಿಕ್ಕೆ ಇಡು."

ಓಬಳಪ್ಪ ಬಂಡೆ ನೋಡಿದ, ಹಿಕ್ಕೆ ನೋಡಿದ, ಅಮ್ಮನ ಕಡೆ ನೋಡಿದ. "ಇದಕ್ಕೆ ದೃಷ್ಟಿ ತಾಗಕಿಲ್ವೇನವ್ವ?"

"ಹಿಕ್ಕೆಗೆ ಯಾವನಲಾ ದೃಷ್ಟಿ ಹಾಕೋನು?" ಎಂದು ಕರಿಯಕ್ಕ ಮತ್ತೆ ಮೊರದ ಕಡೆಗೆ ಹೊರಟಳು.

ಆಮೇಲೆ ಓಬಳಪ್ಪನನ್ನು ತಡೆಯುವುದೇ ಕಷ್ಟವಾಯಿತು. "ಇದು ಒಂಟಿಕೊಂಬಿನ ಕರಿಗಂಡು. ಇವು ಅದರ ಹೆಂಡ್ರು, ಒಬ್ಬಳಿಗೂ ಇನ್ನೊಬ್ಬಳಿಗೂ ಆಗಾಕಿಲ್ಲ, ದೂರ ದೂರ ಇಡ್ತೀನಿ." ಹಳ್ಳದಾಚೆ ಮೇಯಿಸುವ ಕ್ಯಾತಪ್ಪ, ಮುದ್ದಪ್ಪರನ್ನೂ ಕರೆಸಿದ. ಅವರು ಬಂದು ಜಗಳಕ್ಕೇ ನಿಂತರು.

"ಆ ಕುಂಟಿ ನನ್ನ ಕಡೆಯದು ಕಣೋ, ನಿನ್ನ ಚೌಕದಾಗೆ ಯಾಕಿಟ್ಟೆ?"

"ನಿನ್ನೆ ನನ್ನ ಕಡೆ ನೀರು ಕುಡೀತಿತ್ತಲ್ಲ!"

"ನೀರು ಕುಡಿದ ಮಾತ್ರಕ್ಕೆ ನಿಂದಾಯ್ತದಾ? ಹಂಗಾರೆ ನೀನು ಮಿಡಿಗೇಶಿ ಹೋಟ್ಲೋನ ಮಗ."

ಆರು ದಿನ ಹಿಕ್ಕೆ ಇಟ್ಟರು, ತೆಗೆದರು, ಬೆಳಗ್ಗೆ ಹೋಗಿ ನೋಡಿಬಂದು ಸರಿಸಿದರು. ಮರಿಗಳಿಗೆ ಮೇಕೆಯ ಸಣ್ಣ ಹಿಕ್ಕೆ. ಏಳನೆಯ ದಿನ ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋದ ಮೇಲೆ ಹೊನ್ನಕ್ಕ ಕೂತು ಹಿಕ್ಕೆ ಎಣಿಸಿದಳು. ನೂರ ಎಂಬತ್ತೇಳು. ಈ ಸಲ ಕೈ ತಕರಾರು ಮಾಡಲಿಲ್ಲ.

ಫಾರಂ ನೋಡಿದ ಗಂಗಾಧರಯ್ಯನವರಿಗೆ ಹೊಸ ಚಿಂತೆ. "ವರದಿಯಲ್ಲಿ ಏನಂತ ಬರೀಲಮ್ಮ? ಗೊಬ್ಬರದಲ್ಲಿ ಗಣತಿ ಮಾಡಿದೆವು ಅಂತಲೇ? ಶಂಕರಲಿಂಗಪ್ಪನವರು ನನ್ನ ಮಾತು ನಂಬಲ್ಲ. ಅವರನ್ನೇ ಕರ್ಕೊಂಡು ಬರ್ತೀನಿ. ಒಂದು ಚೌಕ ಅವರೇ ಆರಿಸ್ಲಿ."

ಶಂಕರಲಿಂಗಪ್ಪ ಹದಿನಾಲ್ಕನ್ನೇ ಆರಿಸಿದರು. ಬೆಳಕು ಹರಿಯುವಾಗ ಮೂವರೂ ಒಂದು ಬಂದಾರಿ ಪೊದೆಯ ಹಿಂದೆ ಕೂತರು. ಹೊನ್ನಕ್ಕನ ಫಾರಂನಲ್ಲಿ ನಲವತ್ತಮೂರು ಇತ್ತು. ಅಧಿಕಾರಿ ದುರ್ಬೀನು ಹಿಡಿದು, ಬೆರಳು ಮಡಿಸುತ್ತ, ಎರಡು ಸಲ ಎಣಿಸಿದರು.

"ನಲವತ್ತೊಂದು. ಎರಡು ಜಾಸ್ತಿ ಬರೆದಿದ್ದೀಯಮ್ಮ."

ಎರಡೇ ತಾನೆ ಅಂತ ಯಾರಾದರೂ ಅಂದಾರು; ಆದರೆ ಎರಡು ಸುಳ್ಳಾದರೆ ಮಿಕ್ಕ ನೂರ ಎಂಬತ್ತೈದನ್ನು ನಂಬುವವರು ಯಾರು? ಹೊನ್ನಕ್ಕ ಹುಲ್ಲನ್ನೇ ನೋಡುತ್ತ ಕೂತಳು. ಬಿಸಿಲು ಮೊಳದಷ್ಟು ಮೇಲೇರಿತು. ಶಂಕರಲಿಂಗಪ್ಪ ಪ್ಯಾಂಟು ಕೊಡವಿ ಏಳಬೇಕು, ಆಗ ಒಂದು ತಾಯಿ ಹುಲ್ಲಿನ ದಟ್ಟಣೆಯತ್ತ ನಡೆದು ಮೂತಿ ತಗ್ಗಿಸಿತು. ಅಲ್ಲಿಂದ ಕಾಲು ನಡುಗಿಸುತ್ತ ಒಂದು ಮರಿ ಎದ್ದು ನಿಂತಿತು. ಅದರ ಪಕ್ಕದಿಂದ ಇನ್ನೊಂದು.

ಅಧಿಕಾರಿ ಬಹಳ ಹೊತ್ತು ದುರ್ಬೀನು ಇಳಿಸಲಿಲ್ಲ. "ಮಲಗಿರೋ ಮರಿ ಕೂಡ ಬರೆದಿದ್ದೀಯಾ?" ಎಂದರು, ಮೆಲ್ಲಗೆ.

"ದೊಡ್ಡಪ್ಪಂಗೆ ಅವು ಹುಟ್ಟಿದ್ದು ಗೊತ್ತು ಸಾರ್."

ಫಾರಂ ಕಳಿಸಿದ ಹತ್ತನೆಯ ದಿನ ಬೆಂಗಳೂರಿನ ಬಸ್ಸಿನಲ್ಲಿ ಹೊಸ ನಕ್ಷೆ ಬಂತು. ಕಾವಲಿನ ನಡುಭಾಗದ ತುಂಬ ನಕ್ಷತ್ರ, ಅಂಚಿಗೆ ಕೂಡುವ ಗುರುತು, ಚುಕ್ಕಿ ಅಲ್ಲೊಂದು ಇಲ್ಲೊಂದು. ಶಂಕರಲಿಂಗಪ್ಪ ಅದರ ಮೇಲೆಯೇ ಕೆಂಪು ಶಾಯಿಯಲ್ಲಿ ಗೆರೆ ಎಳೆದರು: ಸಸಿಗಳೆಲ್ಲ ಗುಡ್ಡದಾಚೆಯ ಕಲ್ಲಿಳಿಜಾರಿಗೆ, ಕಾವಲಿಗೆ ಒಂದು ಗುಂಡಿಯೂ ಇಲ್ಲ. ವರ್ಷವರ್ಷವೂ ಹೊಸ ನಕ್ಷೆ ತೋರಿಸಬೇಕು ಅಂತ ಕೆಳಗೆ ಒಂದು ಸಾಲು ಸೇರಿಸಿ ಸಹಿ ಹಾಕಿದರು.

ಹೊನ್ನಕ್ಕ ನಕ್ಷೆಯ ಒಂದು ಪ್ರತಿಯನ್ನು ಸುರುಳಿ ಮಾಡಿಕೊಂಡು ಮಿಡಿಗೇಶಿಯಲ್ಲಿ ಬಸ್ಸಿಳಿದವಳು ಮೂರು ಮೈಲಿಯನ್ನೂ ಓಡುನಡಿಗೆಯಲ್ಲೇ ಮುಗಿಸಿದಳು. ಹಿಂದಿನ ದಿನವಷ್ಟೇ ಮೊದಲ ಮಳೆ ಬಿದ್ದು ನೆಲ ಘಮಗುಡುತ್ತಿತ್ತು. ಓಬಳಪ್ಪ ಕಾಗದವನ್ನು ಕಂಬಳಿಯ ಮೇಲೆ ಹರಡಿಸಿ, ಹಳ್ಳ ಎಲ್ಲಿ, ಹುತ್ತ ಎಲ್ಲಿ ಅಂತ ಕೇಳಿ ತಿಳಿದುಕೊಂಡು, ಒಂದೊಂದು ನಕ್ಷತ್ರದ ಮೇಲೂ ಬೆರಳಿಟ್ಟು ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ.

"ಎಲ್ಲಾ ತಪ್ಪೈತಲ್ಲಮ್ಮಿ."

"ಏನ್ ತಪ್ಪು ದೊಡ್ಡಪ್ಪ? ನೀನೇ ಇಟ್ಟಿದ್ದಲ್ವಾ!"

"ಅದು ಅವತ್ತು. ನಿನ್ನೆ ಮಳೆ ಬಿತ್ತಲ್ಲ, ಎಳೇ ಹುಲ್ಲಿನ ವಾಸನೆಗೆ ಅರ್ಧ ಹಿಂಡು ಹಳ್ಳ ದಾಟ್ಬುಟ್ಟವೆ. ಇಲ್ಲಿರೋ ನಕ್ಷತ್ರ ಅಳಿಸು, ಅಲ್ಲಿ ಹಾಕು."

"ಇದನ್ನ ಅಳಿಸಕ್ಕಾಗಲ್ಲ. ಕಂಪ್ಯೂಟರು ಬರೆದಿದ್ದು."

"ಹಂಗಾರೆ ಆ ಕಂಪ್ಯೂಟರಿಗೆ ಹೇಳು, ನಾಳೆ ಹೊತ್ತುಟ್ಟೋದ್ರೊಳಗೆ ಹಳ್ಳದ ದಡಕ್ಕೆ ಬಾ ಅಂತ. ಬಿಸಿಲೇರಿ ಹುಲ್ಲೆ ಮಲಗಿದ್ರೆ ಮತ್ತೆ ಸಿಗಾಕಿಲ್ಲ ಅವು."

ಹೊನ್ನಕ್ಕ ನಕ್ಕು, ಚೀಲದಿಂದ ಒಂದು ಖಾಲಿ ಫಾರಂ ತೆಗೆದು, ನೀರಿನ ಆಳ ಅನ್ನುವ ಮನೆಯಲ್ಲಿ ಎಳೇ ಹುಲ್ಲು, ಎರಡು ಅಂಗುಲ ಎಂದು ಬರೆದುಕೊಂಡಳು.