ಸಾಮಿ ಎತ್ತಿನ ಗಂಟೆ

ಮತ್ತೆ ಆ ಬೆರಳು, ಮಾಮನ ಮೊಣಕಾಲ ಮೇಲೆ ಎದ್ದು ಬಿತ್ತು, ಅವನ ಕಣ್ಣು ಮುಚ್ಚಿಯೇ ಇದೆ, ನೋಡಬೇಡ, ಹಾಡು ಕೇಳು, ತೇನ್‌ಮೊಳಿ ತನ್ನನ್ನೇ ಗದರಿಕೊಂಡಳು, ಸಂಜೆಯೊಳಗೆ ಚೆನ್ನೈಗೆ ಹೋಗಬೇಕಾದ ಹಾಡು, ಡ್ರಮ್ಮು ಸರಿ, ಗಿಟಾರು ಸರಿ, ಎತ್ತಿನ ಗಂಟೆ — ಗಂಟೆಯೇ ಯಾಕೋ ಸಪ್ಪೆ, ಅವತ್ತು ಮೈ ಜುಂ ಅನ್ನಿಸಿದ ಗಂಟೆ ಇದೇನಾ. ಅವತ್ತು ಅಳಗರ್ ಡ್ರಮ್ ಮುಂದೆ ಕೂತು ಇನ್ನೇನು ಹೊಡೆಯಬೇಕು, ದೇವರಿಗೆ ಬಿಟ್ಟ ಎತ್ತು ಬಂದು ಸ್ಟುಡಿಯೋ ಷೆಡ್ಡಿನ ಬಾಗಿಲಿಗೆ ಅಡ್ಡ ನಿಂತಿತು, ಕೊರಳಾಡಿಸಿದಾಗೆಲ್ಲ ಗಂಟೆ, ಚೆನ್ನೈಯಿಂದ ಬಂದ ಗಿಟಾರಿನವನು ಹುಶ್ ಹುಶ್ ಅಂತ ಕೈ ಬೀಸಿದ, ಅಳಗರ್ ತಡೆದ, ಓಡಿಸ್ಬಾರ್ದು ತಂಬಿ, ಸಾಮಿ ಎತ್ತು ಅದು, ಅದಾಗೇ ಹೋಗಗಂಟ ನಾವು ಕಾಯೋದು. ಎಲ್ಲಿ ಹೋಗುತ್ತೆ, ಮಾಮನ ಹೆಂಡತಿ ಮುತ್ತುಸೆಲ್ವಿ ಅತ್ತೆ ಬಾಳೆಹಣ್ಣು ಬೇರೆ ತಂದು ತಿನ್ನಿಸುತ್ತಿದ್ದಾಳೆ. ಬೇರೆ ಯಾರೇ ಆಗಿದ್ದರೂ ತಲೆ ಚಚ್ಚಿಕೊಳ್ಳುತ್ತಿದ್ದರು, ಮಾಮ ನೋಡಿದ, ನೋಡಿದ, ಒಂದು ಮೈಕು ಎತ್ತಿಕೊಂಡು ಹೋಗಿ ಎತ್ತಿನ ಕೊರಳ ಹತ್ತಿರ ನಿಲ್ಲಿಸಿದ, ಅಳಗರು, ಅದು ನಿನ್ ಹಿಂದೆ ಬರಾದಿಲ್ಲ, ನೀನೇ ಅದ್ಕೆ ಎಡೆ ಬಿಟ್ಟು ಹೊಡೀಡಾ. ಅಬ್ಬಾ, ಆ ಹಾಡು ಎದ್ದ ಪರಿ, ಷೆಡ್ಡಿನ ತಗಡೆಲ್ಲ ನಡುಗಿತು.

ಎಂಥ ಮನುಷ್ಯ ಮಾಮ, ಆಂಡಿಪಟ್ಟಿಯ ಮದುವೆ ಮನೆಗಳಿಗೆ ಸ್ಪೀಕರ್ ಕಟ್ಟುತ್ತಿದ್ದ ಜೆಯಕುಮಾರ್ ಚೆನ್ನೈ ಸೇರಿ ರಾಕ್ ಬ್ಯಾಂಡುಗಳನ್ನು ರೂಪಿಸಿದವನು, ಎಷ್ಟು ಆಲ್ಬಮ್ಮುಗಳ ಬೆನ್ನಲ್ಲಿ ಇರುವೆಯಂಥ ಅಕ್ಷರದಲ್ಲಿ ಅವನ ಹೆಸರಿದೆಯೋ, ಹಾಡುವವನು ಜಂಬ ಬಿಡುವವರೆಗೆ ಸುಮ್ಮನೆ ಟೀ ಕುಡಿಸುತ್ತಾ ಕೂತು ಆಮೇಲೆ ರೆಕಾರ್ಡಿಂಗ್ ಶುರು ಮಾಡುತ್ತಿದ್ದನಂತೆ, ತನ್ನ ಸೀಮೆಯ ಕಂಬಂ ಊರಿಗೆ ವಾಪಸ್ ಬಂದು ದ್ರಾಕ್ಷಿ ತುಂಬುವ ಷೆಡ್ಡನ್ನೇ ಸ್ಟುಡಿಯೋ ಮಾಡಿದ, ದನಿ ಗೋಡೆಗೆ ಬಡಿದು ಮೊಳಗಬಾರದೆಂದು ಅತ್ತೆಯ ಚಿನ್ನಾಳಪಟ್ಟಿ ಸೀರೆಗಳನ್ನೆಲ್ಲ ಮಡಿಕೆ ಮಡಿಕೆಯಾಗಿ ತೂಗುಹಾಕಿದ, ನನ್ಗಿಂತ ನನ್ ಸೀರೆಗೇ ನಿಮ್ ಹಾಡೆಲ್ಲ ಗೊತ್ತು, ಅತ್ತೆ ಇವತ್ತಿಗೂ ಮೂತಿ ತಿರುವುತ್ತಾಳೆ. ತೇನ್‌ಮೊಳಿಗೆ ಕೇಳುವುದನ್ನು ಕಲಿಸಿದವನೇ ಅವನು, ಅಂಥವನ ಕಿವಿ — ಡ್ರಮ್ಮುಗಳ ಮಗ್ಗುಲಲ್ಲೇ ಬಾಳಿದವನ ಎಡಗಿವಿ ಮೊದಲು ಹೋಯಿತು, ನಕ್ಕ, ಸಾಮಿ ಎರ್ಡು ಕೊಟ್ಟಿದ್ದು ಇದ್ಕೇ ಅಲ್ವಾ, ಈಗ ಬಲಗಿವಿಗೂ ಸಣ್ಣ ದನಿಗಳು ದಕ್ಕುತ್ತಿಲ್ಲವೇನೋ. ಬೆಳಿಗ್ಗೆ ಬೀಗದಕೈ ತಂದು ಅವಳ ಮುಂದಿಟ್ಟ, ಕೂಸೇ, ನಂಗೆ ಗಂಟೆ ಸದ್ದು ಕೇಳ್ಸದಿಲ್ಲಾಂತ ನಿಂಗೆ ತೋರಿದ್ರೆ ಹೇಳ್ಬುಡು, ಸುಳ್ಳು ಹೇಳ್ಬೇಡ, ಷೆಡ್ ಮುಚ್ಚಿಬುಡ್ತೀನಿ. ಬೀಗದಕೈ ಅಲ್ಲೇ ಇದೆ, ಮುಟ್ಟಲು ಅವಳಿಗೆ ಭಯ.

ಮಾಮನನ್ನೇ ಪರೀಕ್ಷೆ ಮಾಡುವಷ್ಟು ದೊಡ್ಡವಳಾದೆಯಾ, ಬೈದುಕೊಂಡೇ ಗಂಟೆಯ ಟ್ರ್ಯಾಕನ್ನು ಮ್ಯೂಟ್ ಮಾಡಿ ಹಾಡು ಮೊದಲಿನಿಂದ ಬಿಟ್ಟಳು, ಡ್ರಮ್ಮು ಬಂತು, ಗಿಟಾರು ಬಂತು, ಗಂಟೆಯಿಲ್ಲ, ಬೆರಳು ಎದ್ದು ಬಿತ್ತು. ಅಯ್ಯೋ ಮಾಮಾ. ಇಲ್ಲದ ಗಂಟೆಗೆ ತಾಳ, ಅದೂ ತಪ್ಪು ತಾಳ, ಒಮ್ಮೆ ಕೂದಲೆಳೆ ಬೇಗ, ಒಮ್ಮೆ ತಡ, ಕಣ್ಣು ತುಂಬಿ ಪರದೆ ಮಸುಕಾಯಿತು, ಮುಗಿಯಿತು, ಇವತ್ತಿಗೆ ಷೆಡ್ಡೂ ಮುಗಿಯಿತು — ಇರು, ಬೇಗ, ತಡ, ಆಮೇಲೆ ದೀರ್ಘ ನಿಲುಗಡೆ, ಇದು ಎತ್ತು ಕೊರಳಾಡಿಸಿದ ಹಾಗೇ ಅಲ್ಲವೇ, ಬಾಳೆಹಣ್ಣು ಮೆಲ್ಲುತ್ತಾ ನಿಂತಿತಲ್ಲ, ಆ ನಿಲುಗಡೆ, ನಿನ್ನೆ ದೊಡ್ಡ ಜಾಣೆಯ ಹಾಗೆ ಒಂದೊಂದೇ ಗಂಟೆಯನ್ನು ಎಳೆದು ಕಂಪ್ಯೂಟರಿನ ತಾಳದ ಗೆರೆಗೆ ಕೂರಿಸಿದವಳು ತಾನೇ, ಅದಕ್ಕೇ ಸಪ್ಪೆ, ಅದಕ್ಕೇ ಸತ್ತಿತ್ತು. ಎಲ್ಲ ಅಳಿಸಿ ಅವತ್ತಿನ ಗಂಟೆಯನ್ನೇ ಮರಳಿ ತಂದಳು, ಬಿಟ್ಟಳು, ಬೆರಳು ಬಿದ್ದ ಕಡೆಯೇ ಗಂಟೆ, ಮತ್ತೆ ಬೆರಳು, ಮತ್ತೆ ಗಂಟೆ, ಮೈಯೆಲ್ಲ ಜುಂ. ಸುಳ್ಳು ಹೇಳುವುದಿಲ್ಲ, ಹೇಳಿಯೇಬಿಡುತ್ತಾಳೆ, ನಿಂಗೆ ಕೇಳ್ಸದಿಲ್ಲ ಮಾಮಾ, ಆದ್ರೆ ಷೆಡ್ ಮುಚ್ಚಕ್ಕೆ ನಾ ಬಿಡಾದಿಲ್ಲ, ಬೀಗದಕೈ ಅವಳ ಮುಷ್ಟಿಯಲ್ಲಿ ಬೆಚ್ಚಗಾಗಿದೆ, ಯಾವಾಗ ಎತ್ತಿಕೊಂಡಳೋ, ಹಾಡು ಮುಗಿಯುತ್ತಾ ಬಂತು, ಡ್ರಮ್ಮು ನಿಂತಿತು, ಗಿಟಾರು ನಿಂತಿತು, ಕೊನೆಯ ಗಂಟೆ ಇನ್ನೂ ಬಂದಿಲ್ಲ, ಬೆರಳು ಎದ್ದಿದೆ, ಇನ್ನೂ ಬಿದ್ದಿಲ್ಲ.