ಉಷ್ಣತೆ ಸೊನ್ನೆ ಎಂದು ಇಟ್ಟುಕೊಳ್ಳೋಣ

ನನ್ನ ಅಕ್ಕ ರಾಜೇಶ್ವರಿ ಧಾರವಾಡದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿ. ಕಡು ಚಳಿಯಲ್ಲಿ ಕೆಲವು ವಸ್ತುಗಳೊಳಗೆ ವಿದ್ಯುತ್ತು ಒಂದಿಷ್ಟೂ ತಡೆಯಿಲ್ಲದೆ ಹರಿಯುತ್ತದಂತೆ. ಅದಕ್ಕೆ ಅತಿವಾಹಕತೆ ಎನ್ನುತ್ತಾರೆ. ಅದು ಯಾಕೆ ಹಾಗೆ ಎಂದು ಆಯುಷ್ಯವಿಡೀ ಹಾಳೆಯ ಮೇಲೆ ತಲೆ ಕೆಡಿಸಿಕೊಂಡವಳು ಈಕೆ. ಅಂಥ ವಸ್ತುವಿನ ಮೇಲೆ ಅಯಸ್ಕಾಂತ ಗಾಳಿಯಲ್ಲಿ ನಿಲ್ಲುತ್ತದೆ ಎಂದು ನಮಗೆಲ್ಲ ಹೇಳುತ್ತಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕೇಳಿದರೆ, "ಲೆಕ್ಕ ಬರೋಬ್ಬರಿ ಇದ್ದ ಮ್ಯಾಲೆ ನೋಡೂದೇನೈತಿ?" ಎನ್ನುವ ಜಂಬ.

ಕಳೆದ ವರ್ಷ ಗ್ಲುಕೋಮಾ ಆಕೆಯ ಬಲಗಣ್ಣನ್ನು ನುಂಗಿತು. ಎಡಗಣ್ಣಿನದೂ ಖಾತ್ರಿಯಿಲ್ಲ ಎಂದರು ಡಾಕ್ಟರು. ಜಂಬ ಇಳಿಯಿತು.

"ರಜನಿ, ನಿಮ್ಮ ದನದ ದವಾಖಾನ್ಯಾಗ ದ್ರವ ನೈಟ್ರೋಜನ್ ಇರತೈತಲ್ಲ? ನಂಗ ಒಮ್ಮೆ ನೋಡಬೇಕು," ಎಂದು ಫೋನ್ ಮಾಡಿದಳು.

ನಾನು ಉಪ್ಪಿನಬೆಟಗೇರಿಯಲ್ಲಿ ಪಶುವೈದ್ಯೆ. ಹೋರಿಗಳ ವೀರ್ಯ ಕೆಡದಂತೆ ಇಡುವುದು ಅದೇ ಕಡು ತಣ್ಣನೆಯ ನೈಟ್ರೋಜನ್ನಿನಲ್ಲಿ. ಹೊಸ ಕ್ಯಾನು ಬಂದ ದಿನ ಹಳೆಯದರ ತಳದಲ್ಲಿ ಉಳಿದದ್ದು ಅಕ್ಕನ ಪಾಲಿಗೆ ಬಂತು. ಭೌತಶಾಸ್ತ್ರಕ್ಕೂ ಹೋರಿಗಳೇ ಗತಿಯೇ ಎಂದು ಛೇಡಿಸಿದೆ.

ಗೆಳತಿಯೊಬ್ಬಳು ಕಳಿಸಿದ್ದ ಅತಿವಾಹಕದ ಕಪ್ಪು ಬಿಲ್ಲೆಯನ್ನು ಅಕ್ಕ ನಮ್ಮ ದವಾಖಾನೆಗೆ ತಂದು ಥರ್ಮಾಕೋಲ್ ಬಟ್ಟಲಿನಲ್ಲಿಟ್ಟಳು. ನಾನು ಸುರಿದೆ. ಬಿಳಿ ಹೊಗೆ ಎದ್ದಿತು. ಸುರಿದದ್ದೇ ತಡ, ಆಕೆ ಚಿಮಟದಿಂದ ಪುಟ್ಟ ಅಯಸ್ಕಾಂತವನ್ನು ಬಿಟ್ಟಳು. ಟಕ್ ಎಂದು ಬಿಲ್ಲೆಯ ಮೇಲೆ ಬಿತ್ತು. ಎತ್ತಿ ಬಿಟ್ಟಳು, ಮತ್ತೆ ಬಿತ್ತು. ಅಷ್ಟರಲ್ಲಿ ನೈಟ್ರೋಜನ್ ಆವಿಯಾಗಿ ಬಟ್ಟಲು ಒಣಗಿತ್ತು. ಅಕ್ಕನ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆಯೇ ನಕ್ಕಳು. "ಎಂಥಾ ಹುಚ್ಚಿ ನಾನು. ಹಾಳ್ಯಾಗ ನಾವು ಉಷ್ಣತೆ ಸೊನ್ನೆ ಅಂತ ಇಟ್ಟಕೊಳ್ಳೋಣ ಅಂದ್ರ ಮುಗೀತು. ಬಿಲ್ಲಿ ತಣ್ಣಗಾಗೂತನಕ ಕಾಯೂದು ರೂಢಿನ ಇಲ್ಲ ನೋಡ."

ಕ್ಯಾನನ್ನು ಪೂರ್ತಿ ಬಗ್ಗಿಸಿ ಉಳಿದದ್ದನ್ನೂ ಸುರಿದೆ. ಇನ್ನು ಒಂದು ಹನಿಯೂ ಇಲ್ಲ. ಈ ಸಲ ಬಿಲ್ಲೆ ತಣ್ಣಗಾಗಿ ಸುತ್ತಲಿನ ನೈಟ್ರೋಜನ್ನಿನ ಕುದಿತ ನಿಲ್ಲುವವರೆಗೆ ಕಾದೆವು. ಅಕ್ಕ ಚಿಮಟ ಸಡಿಲಿಸಿದಳು.

ಅಯಸ್ಕಾಂತ ಬೀಳಲಿಲ್ಲ. ಬಿಲ್ಲೆಯಿಂದ ಒಂದು ಜೋಳದ ಕಾಳಿನಷ್ಟು ಮೇಲೆ, ಏನೂ ಇಲ್ಲದ ಕಡೆ, ಸುಮ್ಮನೆ ನಿಂತಿತು. ನನ್ನ ಮೈ ಝುಮ್ಮೆಂದಿತು. ಆಗತಾನೇ ಹುಟ್ಟಿದ ಕರು ಮೊದಲ ಉಸಿರು ಎಳೆಯುವಾಗ ಇಂದಿಗೂ ನನಗೆ ಹೀಗೇ ಆಗುತ್ತದೆ.

"ಯಾರ ಹಿಡದಾರಕ್ಕಾ ಅದನ್ನ?" ಎಂದೆ.

ಏನು ಕೇಳಿದರೂ ಹಾಳೆ ಎಳೆದುಕೊಂಡು ತಿಳಿಸಲು ಕೂರುವ ಅಕ್ಕ ಕೈ ಎತ್ತಿ ನನ್ನನ್ನು ತಡೆದಳು. ಎಡಗಣ್ಣು ಬಟ್ಟಲನ್ನು ಬಿಟ್ಟು ಕದಲಲಿಲ್ಲ.

"ಆಮ್ಯಾಲೆ ಹೇಳತೇನಿ," ಎಂದಳು. "ಹೇಳಾಕ ಕಣ್ಣು ಬೇಕಾಗಂಗಿಲ್ಲ."