ಮೂರು ಸಾವಿರದ ಎಂಟುನೂರ ತೊಂಬತ್ತು ಸುತ್ತು

ಸಾವಿರದ ಒಂಬೈನೂರ ಎಂಬತ್ತೊಂದರ ಬೇಸಿಗೆಯಲ್ಲಿ, ಡೊಂಬಿವಲಿಯ ಒಂದು ಚಾಳಿನ ಹತ್ತಡಿ ಖೋಲಿಯಲ್ಲಿ ಕುಳಿತು, ಲೀಲಾಧರ ಕೋಟ್ಯಾನರು ಮೂರು ಸಾವಿರದ ಎಂಟುನೂರ ತೊಂಬತ್ತು ಸುತ್ತು ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತಿ ಒಂದು ಟ್ರಾನ್ಸ್‌ಫಾರ್ಮರ್ ಮಾಡಿದ್ದರು. ಠಾಣೆಯಲ್ಲಿ ಹೋಟೆಲು ನಡೆಸುತ್ತಿದ್ದ ವಿಠಲ ಶೆಟ್ಟರು ಹಡಗಿನ ಅಧಿಕಾರಿಯೊಬ್ಬನಿಂದ ಹಾಡು ಕೇಳಲೆಂದು ಒಂದು ವಿಲಾಯಿತಿ ವಾಲ್ವ್ ಆಂಪ್ಲಿಫೈಯರ್ ಕೊಂಡಿದ್ದರು. ಅದರ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು. ಮುಂಬಯಿಯ ದೊಡ್ಡ ಅಂಗಡಿಗಳವರೆಲ್ಲ ನೋಡಿ, ಇದರ ಭಾಗ ಈ ದೇಶದಲ್ಲಿ ಸಿಗುವುದಿಲ್ಲ, ಪೆಟ್ಟಿಗೆಯ ಮೇಲೆ ಹೂಕುಂಡ ಇಟ್ಟುಕೊಳ್ಳಿ ಎಂದು ನಕ್ಕು ಕಳಿಸಿದ್ದರು. ಲೀಲಾಧರರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ದುಡಿಯುತ್ತಿದ್ದ ರೇಡಿಯೊ ಕಾರ್ಖಾನೆಗೆ ಬೀಗ ಬಿದ್ದು ಮೂರು ತಿಂಗಳಾಗಿತ್ತು. ಕೈಯಿಂದ ತಿರುಗಿಸುವ ಡ್ರಿಲ್ಲನ್ನು ಮೇಜಿನ ಅಂಚಿಗೆ ಬಿಗಿದು, ಅದರ ಮೂತಿಗೆ ಮರದ ಅಚ್ಚು ಸಿಕ್ಕಿಸಿ, ಕೂದಲೆಳೆಯಂಥ ತಂತಿಯನ್ನು ಸುತ್ತತೊಡಗಿದರು. ಮೊದಲನೆಯದು ಕರೆಂಟು ಕೊಟ್ಟ ಕೂಡಲೇ ಹೊಗೆಯಾಡಿತು. ಎರಡನೆಯದರ ತಂತಿ ಎರಡು ಸಾವಿರದ ನಾನೂರನೆಯ ಸುತ್ತಿನಲ್ಲಿ ಕಡಿಯಿತು. ಮೂರನೆಯದು ನಿಂತಿತು, ನಲವತ್ತು ವರ್ಷಕ್ಕೂ ಮಿಕ್ಕಿ ನಿಂತಿತು.

ಈ ಕತೆಯನ್ನು ಅವರು ಹೇಳದೆ ಬಿಟ್ಟ ಮದುವೆಯ ಚಪ್ಪರವಿಲ್ಲ, ರೈಲಿನ ಡಬ್ಬಿಯಿಲ್ಲ. “ಒಬ್ಬನೇ ಕೂತು, ಒಂದು ಸುತ್ತೂ ತಪ್ಪದೆ” ಎಂಬಲ್ಲಿಗೆ ಬಂದಾಗ ಅವರ ಧ್ವನಿ ತಾನಾಗಿ ಏರುತ್ತದೆ. ಕಾಲೇಜಿನಲ್ಲಿ ಎರಡನೆಯ ವರ್ಷ ಓದುತ್ತಿರುವ ಮೊಮ್ಮಗಳು ಪ್ರೇಕ್ಷಾ ಅಷ್ಟು ಹೊತ್ತಿಗೆ ಅವರ ಬೆನ್ನಹಿಂದೆ ನಿಂತು ಅದೇ ಮಾತನ್ನು ತುಟಿಯಲ್ಲೇ ಆಡಿ ತೋರಿಸುತ್ತಾಳೆ.

ಅಂಥ ಟ್ರಾನ್ಸ್‌ಫಾರ್ಮರ್ ಸತ್ತಿದೆ ಎಂದು ಈ ಗುರುವಾರ ಬೆಳಿಗ್ಗೆ ತೀರ್ಪು ಕೊಟ್ಟವರು ಬೇರೆ ಯಾರೂ ಅಲ್ಲ, ಸ್ವತಃ ಲೀಲಾಧರರೇ.

ಶೆಟ್ಟರು ತೀರಿಕೊಂಡ ಮೇಲೂ ಅವರ ಪತ್ನಿ ವೇದಾವತಿಯವರು ನೆರೂಳದ ಮನೆಯಲ್ಲಿ ಆ ಆಂಪ್ಲಿಯನ್ನು ಬಿಡದೆ ಬಳಸುತ್ತಿದ್ದರು. ದಿನವೂ ಸಂಜೆ ಅದರ ಗಾಜಿನ ವಾಲ್ವುಗಳು ಕೆಂಪಾದ ಮೇಲೆಯೇ ಕಾಫಿಯ ಲೋಟಕ್ಕೆ ಕೈಹಾಕುವುದು ಅವರ ರೂಢಿ. ಕಳೆದ ತಿಂಗಳು ಅದರ ಫ್ಯೂಸು ಹಾರಿ, ಪೆಟ್ಟಿಗೆ ಡೊಂಬಿವಲಿಗೆ ಬಂತು. ಆಗಷ್ಟೇ ಲೀಲಾಧರರ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿನದು ಇನ್ನೂ ಬಾಕಿ. ಇಪ್ಪತ್ತು ದಿನ ಕೆಲಸದ ಮೇಜಿನತ್ತ ಸುಳಿಯಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಆ ಅವಧಿ ಮುಗಿಸಿ ಕೂತು ನೋಡಿದರೆ ದೋಷ ಸರಳವಾಗಿತ್ತು: ಒಂದು ಕಂಡೆನ್ಸರ್ ಉಬ್ಬಿ ಒಡೆದಿತ್ತು. ಅದನ್ನು ಬದಲಾಯಿಸಿದರು. ಆಮೇಲೆ, ಐವತ್ತು ವರ್ಷಗಳ ಪದ್ಧತಿಯಂತೆ, ಪೆಟ್ಟಿಗೆಗೆ ನೇರವಾಗಿ ಕರೆಂಟು ಕೊಡದೆ ಸೀರೀಸ್ ಬೋರ್ಡಿನ ಮೂಲಕ ಕೊಟ್ಟರು.

ಸೀರೀಸ್ ಬೋರ್ಡೆಂದರೆ ಒಂದು ಮರದ ಹಲಗೆ, ಅದರ ಮೇಲೊಂದು ಸಾಕೆಟ್ಟು, ಪಕ್ಕದಲ್ಲಿ ನೂರು ವ್ಯಾಟಿನ ಒಂದು ಬಲ್ಬು. ಕರೆಂಟು ಆ ಬಲ್ಬನ್ನು ದಾಟಿಯೇ ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆ ಆರೋಗ್ಯವಾಗಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಒಳಗೆ ಶಾರ್ಟ್ ಇದ್ದರೆ ಪೂರ್ತಿ ಉರಿದು ನಿಲ್ಲುತ್ತದೆ. ಅಂದು ಅದು ಪೂರ್ತಿ ಉರಿಯಿತು. ಲೀಲಾಧರರು ವಾಲ್ವುಗಳನ್ನು ಒಂದೊಂದಾಗಿ ಕಿತ್ತರು. ಬಲ್ಬು ಉರಿಯುತ್ತಲೇ ಇತ್ತು. ಕಡೆಗೆ ಸಂಶಯಕ್ಕೆ ಉಳಿದದ್ದು ಟ್ರಾನ್ಸ್‌ಫಾರ್ಮರ್ ಒಂದೇ. ಮೀಟರು ಅದನ್ನು ಸರಿಯೆಂದಿತು. ಆದರೆ ಒಳಗೆಲ್ಲೋ ಎರಡು ಸುತ್ತು ಒಂದಕ್ಕೊಂದು ತಾಗಿದ್ದರೆ ಮೀಟರಿಗೆ ತಿಳಿಯುವುದಿಲ್ಲ, ಬಲ್ಬಿಗೆ ತಿಳಿಯುತ್ತದೆ. ಮೀಟರನ್ನು ನಂಬಬೇಡಿ, ಬಲ್ಬನ್ನು ನಂಬಿ ಎಂದು ಎಷ್ಟೋ ಮಂದಿಗೆ ಕಲಿಸಿದವರು ಅವರೇ.

ಮತ್ತೊಂದನ್ನು ಸುತ್ತೋಣವೆಂದರೆ ಈಗ ಬೆರಳು ನಡುಗುತ್ತದೆ. ವೇದಾವತಿಯವರಿಗೆ ಫೋನು ಮಾಡಿ ಹೇಳಿದರು.

“ನೀವೇ ಹೇಳಿದ ಮೇಲೆ ಮುಗೀತಲ್ಲ ಲೀಲಣ್ಣ” ಎಂದರು ಅವರು. “ಘೋಡಬಂದರ್ ರಸ್ತೆಯ ಆ ರಂಜನ್ ಇದ್ದಾನಲ್ಲ, ಅವ ಒಳಗಿನದ್ದೆಲ್ಲ ತೆಗೆದು ಹೊಸ ಬೋರ್ಡು ಕೂರಿಸಿ ಕೊಡ್ತೇನೆ ಹೇಳ್ತಾನೆ. ಹೊರಗಿನ ಮುಖವಾದ್ರೂ ಉಳೀತದೆ. ಅವನಿಗೇ ಕೊಟ್ಟುಬಿಡಿ.”

“ಕೊಡ್ತೇನೆ. ಆದ್ರೆ ಟ್ರಾನ್ಸ್‌ಫಾರ್ಮರ್ ಮಾತ್ರ ನಾನೇ ತೆಗೀತೇನೆ. ಇನ್ನೊಬ್ಬ ಅದಕ್ಕೆ ಕೈ ಹಾಕುದು ಬೇಡ.”

ಮಧ್ಯಾಹ್ನ ಮೂರೂವರೆಗೆ ರಂಜನ್ ಬಂದ. ವಿಜಯಪುರದ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಠಾಣೆ. ವಯಸ್ಸು ಮೂವತ್ತು ದಾಟಿಲ್ಲ. ಕೆಳಗೆ ನಿಲ್ಲಿಸಿದ ಅವನ ಟೆಂಪೋ ಆಗಲೇ ಹಾರ್ನು ಬಾರಿಸತೊಡಗಿತ್ತು.

“ಏನ್ರಿ ಅಜ್ಜಾರ, ಪೂಜಾ ಇನ್ನೂ ಮುಗೀಲಿಲ್ಲೇನು? ವಾಚ್‌ಮನ್ ಗೇಟಿನ್ಯಾಗ ಗಾಡಿ ನಿಲ್ಸಾಕ ಬಿಡವಲ್ಲ.”

“ಪೂಜೆ ಅಲ್ಲ ಮಾರಾಯ, ತಿಥಿ. ಐದು ನಿಮಿಷ ಕೂತುಕೋ.”

ರಂಜನ್ ಕೂರಲಿಲ್ಲ. ತೆರೆದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. “ಖರೇನ ಸತ್ತೈತೇನ್ರಿ? ನೋಡಾಕ ಚಲೋ ಕಾಣಸ್ತೈತಿ.”

ಆ ಪ್ರಶ್ನೆ ಲೀಲಾಧರರಿಗೆ ಚುಚ್ಚಿತು. ಪೆಟ್ಟಿಗೆಯನ್ನು ಸೀರೀಸ್ ಬೋರ್ಡಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದರು. ಬಲ್ಬು ಹಳದಿಯಾಗಿ, ತುಂಬಿಕೊಂಡು, ಉರಿಯಿತು. “ನೋಡಿಕೋ” ಎಂದರು. ಎಂದವರು ಅಲ್ಲಿಗೇ ನಿಲ್ಲಿಸಲಾರದೆ ಹೋದರು. ಚಾಳು, ಡ್ರಿಲ್ಲು, ಹೊಗೆ, ಕಡಿದ ತಂತಿ ಎಲ್ಲ ಬಂದವು. ಕೆಳಗೆ ಹಾರ್ನು ಬಡಿದುಕೊಳ್ಳುತ್ತಲೇ ಇತ್ತು. “ಒಬ್ಬನೇ ಕೂತು” ಎಂಬಲ್ಲಿಗೆ ಬರುವಾಗ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರೇಕ್ಷಾ, “ಅಜ್ಜ, ಬಸ್ ನಾ. ಅವರಿಗೆ ದೇರ್ ಆಗ್ತಾ ಇದೆ” ಎಂದಳು. ಹಾಗೆ ಹತ್ತು ನಿಮಿಷ ಕಳೆಯಿತು; ಅಷ್ಟು ಹೊತ್ತೂ ಬಲ್ಬು ಉರಿದೇ ಇತ್ತು.

ಲೀಲಾಧರರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಸ್ಕ್ರೂಡ್ರೈವರ್ ಹಿಡಿದರು. ಬೋಲ್ಟುಗಳು ತುಕ್ಕು ಹಿಡಿದು ಅಲುಗಲಿಲ್ಲ.

“ಬೋಲ್ಟ್ ಬಿಚ್ಚಕೊಂತ ಕೂತ್ರ ಸಂಜಿ ಆಗ್ತೈತ್ರಿ” ಎಂದ ರಂಜನ್. “ವಾಯರ್ ಕಟ್ ಮಾಡಿ ಕೊಡ್ರಿ, ಉಳಿದದ್ದು ನಾ ಒಡದು ತೆಗೀತೀನಿ. ಹೆಂಗಿದ್ರೂ ಭಂಗಾರಕ್ಕ, ಗುಜರಿಗಿ ಹೋಗೂದು.”

“ಭಂಗಾರವಂತೆ! ನಿನ್ನಪ್ಪ ಚಡ್ಡಿ ಹಾಕುವಾಗ ಸುತ್ತಿದ್ದು ಇದು.”

“ಸಿಟ್ಟಾಗಬ್ಯಾಡ್ರಿ ಅಜ್ಜಾರ. ನೀವ ಅಂದ್ರಲ್ರಿ ಸತ್ತೈತಿ ಅಂತ.”

ಲೀಲಾಧರರು ಕಟ್ಟರ್ ಕೈಗೆತ್ತಿಕೊಂಡರು. ಮೊದಲು ಸಿಕ್ಕಿದ್ದು ವಾಲ್ವುಗಳನ್ನು ಕೆಂಪಾಗಿಸುವ ಕರೆಂಟಿನ ದಪ್ಪ ತಂತಿ. ಅದನ್ನು ಬೇಕಾದರೆ ಮತ್ತೆ ಬೆಸೆಯಬಹುದು. ಟಕ್ ಎಂದು ಕತ್ತರಿಸಿದರು. ಪ್ರೇಕ್ಷಾ ಆ ಸದ್ದಿಗೆ ತಲೆಯೆತ್ತಿದಳು. ಮುಂದಿನದು ಸುರುಳಿಯೊಳಗಿನಿಂದ ಬಂದ ಕೂದಲೆಳೆಯಂಥ ತಂತಿಯ ತುದಿ. ಅಂದು ತಂತಿ ಸಾಲದೆ ಅದನ್ನು ಅರ್ಧ ಇಂಚಷ್ಟೇ ಹೊರಗೆ ಬಿಟ್ಟಿದ್ದರು. ಅದನ್ನು ಬುಡದಲ್ಲಿ ಕತ್ತರಿಸಿದರೆ ಮೂರು ಸಾವಿರದ ಎಂಟುನೂರ ತೊಂಬತ್ತು ಸುತ್ತನ್ನೂ ಬಿಚ್ಚದೆ ಮತ್ತೆ ಜೋಡಿಸುವ ದಾರಿಯಿಲ್ಲ. ಕಟ್ಟರಿನ ಬಾಯಿ ಅದರ ಎರಡು ಮಗ್ಗುಲಿಗೂ ಬಂದು ನಿಂತಿತು. ನೆಟ್ಟಗೆ ಹಿಡಿಯಲು ಮೊಣಕೈಗೆ ಆಸರೆ ಬೇಕಾಗಿ, ಎಡಗೈಯಿಂದ ಸೀರೀಸ್ ಬೋರ್ಡನ್ನು ಅತ್ತ ಸರಿಸಲು ಹೋದರು. ಕಣ್ಣು ತಂತಿಯ ಮೇಲಿತ್ತು. ಬೆರಳುಗಳು ಹಲಗೆಯನ್ನು ಬಿಟ್ಟು ಬಲ್ಬನ್ನೇ ಹಿಡಿದವು.

ಹಿಡಿದ ಕೂಡಲೇ ಮೈ ತಾನಾಗಿ ಜಗ್ಗಿತು. ಹತ್ತು ನಿಮಿಷ ಉರಿದ ನೂರು ವ್ಯಾಟಿನ ಬಲ್ಬನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಲಿಯುತ್ತದೆ. ಅವರ ಹೆಬ್ಬೆರಳಿನ ಬುಡದಲ್ಲಿ ಅಂಥದೊಂದು ಹಳೆಯ ಕಲೆಯೂ ಇತ್ತು.

ಕೈ ಸುಡಲಿಲ್ಲ. ಬಲ್ಬು ಉಗುರುಬೆಚ್ಚಗೆ ಇತ್ತು, ಅಷ್ಟೇ.

ಲೀಲಾಧರರು ಕಟ್ಟರನ್ನು ಮೆಲ್ಲನೆ ಹಿಂದಕ್ಕೆ ತೆಗೆದು ಮೇಜಿನ ಮೇಲಿಟ್ಟರು. ಬಲ್ಬನ್ನು ತಿರುಗಿಸಿ ಬಿಚ್ಚಿ, ಚಿಕಿತ್ಸೆಯಾದ ಬಲಗಣ್ಣಿನ ಹತ್ತಿರ ಹಿಡಿದರು. ಗಾಜು ಹಳೆಯ ಬಲ್ಬಿನಂತೆಯೇ ತಿಳಿಯಾಗಿತ್ತು, ಆಕಾರವೂ ಅದೇ. ಒಳಗೆ ಮಾತ್ರ ತಂತಿಯ ಬದಲು ನಾಲ್ಕು ಹಳದಿ ಕಡ್ಡಿಗಳಿದ್ದವು.

“ಪ್ರೇಕ್ಷಾ, ಇದನ್ನು ಇಲ್ಲಿ ಹಾಕಿದ್ದು ಯಾರು?”

ಅವಳು ಪುಸ್ತಕ ಮುಚ್ಚಿದಳು.

“ಮೈನೇ, ನಾನೇ. ನೀವು ಹಾಸ್ಪಿಟಲ್‌ನಲ್ಲಿ ಇರುವಾಗ ಝಾಡೂ ಮಾಡ್ತಾ ಇದ್ದೆ, ಪುರಾನಾ ಬಲ್ಬ್ ಒಡೆದುಹೋಯ್ತು. ಸ್ಟೇಷನ್ ಹತ್ತಿರ ಸೇಮ್ ಟು ಸೇಮ್ ಸಿಕ್ತು. ಎಲ್‌ಇಡಿ ಹೈ, ಮಗರ್ ನೋಡೋದಕ್ಕೆ ಹಾಗೇ ಇದೆ.”

“ಹೇಳಲಿಲ್ಲ ಯಾಕೆ?”

“ನೀವು ಬೈತೀರಲ್ಲ!”

ರಂಜನ್ ನಕ್ಕುಬಿಟ್ಟ. “ಬಲ್ಬ್ ಬದಲಿ ಮಾಡಿದ್ರ ಸತ್ತದ್ದು ಎದ್ದು ಕೂಡ್ತೈತೇನ್ರಿ ಅಜ್ಜಾರ? ಬಲ್ಬ್ ಬಲ್ಬೇ ಅಲ್ಲೇನ್ರಿ?”

ಲೀಲಾಧರರು ಬಲ್ಬನ್ನು ಮತ್ತೆ ಅದರ ಜಾಗಕ್ಕೆ ಹಾಕಿ, ಗಾಳಿ ಬೀಸುತ್ತಿದ್ದ ಮೇಜಿನ ಫ್ಯಾನನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು ಸೀರೀಸ್ ಬೋರ್ಡಿಗೆ ಸಿಕ್ಕಿಸಿದರು. ಬಲ್ಬು ಧಗ್ಗೆಂದು ಉರಿಯಿತು. ಫ್ಯಾನಿನ ಎಲೆ ಅಲುಗಲೂ ಇಲ್ಲ.

“ಈಗ ಹೇಳು. ಈ ಫ್ಯಾನು ಸತ್ತಿದೆಯಾ?”

ರಂಜನನ ನಗು ನಿಂತಿತು.

“ಇದಕ್ಕೆ ಚಿಟಿಕೆಯಷ್ಟು ಕರೆಂಟು ಸಾಕು, ಪೂರ್ತಿ ಉರೀತದೆ. ಉಳಿದವರಿಗೆ ಏನೂ ಬಿಡುದಿಲ್ಲ. ಇದರ ಹಿಂದೆ ಯಾವುದನ್ನು ಇಟ್ಟರೂ ಶಾರ್ಟ್ ಅಂತಲೇ ತೋರಿಸ್ತದೆ.” ಅವರು ಫ್ಯಾನನ್ನು ಮತ್ತೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. “ಕಣ್ಣು ಕಾಣದ್ದು ಹೌದು. ಆದ್ರೆ ಕೈ ಇತ್ತಲ್ಲ? ಬೆಳಿಗ್ಗೆಯೇ ಮುಟ್ಟಿ ನೋಡಬಹುದಿತ್ತು. ನೋಡಲಿಲ್ಲ.”

ಬಲ್ಬಿನ ಸುಳ್ಳು ಬಯಲಾಯಿತು, ನಿಜ. ಆದರೆ ಟ್ರಾನ್ಸ್‌ಫಾರ್ಮರ್ ಬದುಕಿದೆಯೆಂದು ಅದರಿಂದ ಸಾಬೀತಾಗಲಿಲ್ಲ. ಒಡೆದ ಕಂಡೆನ್ಸರ್ ಹೋಗುವಾಗ ಅದನ್ನೂ ಸುಟ್ಟುಕೊಂಡೇ ಹೋಗಿದ್ದರೆ? ನೇರವಾಗಿ ಕರೆಂಟು ಕೊಟ್ಟು ನೋಡುವ ಧೈರ್ಯ ಅವರಿಗಿರಲಿಲ್ಲ. ಸಣ್ಣ ಪೆಟ್ಟಾಗಿದ್ದರೂ ಒಂದು ಕ್ಷಣದಲ್ಲಿ ಎಲ್ಲ ಬೂದಿಯಾದೀತು. ಹಳೆಯ ನೂರು ವ್ಯಾಟಿನ ಬಲ್ಬು ಬೇಕು. ಅದು ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ?

ರಂಜನನ ಫೋನು ರಿಂಗಾಯಿತು. ಟೆಂಪೋದವ. “ದೋ ಮಿನಿಟ್ ರೇ” ಎಂದು ಕೂಗಿ ಇಟ್ಟವನು ಲೀಲಾಧರರತ್ತ ತಿರುಗಿದ. “ಅಜ್ಜಾರ, ವೇದಾವತಿ ಅಕ್ಕಾರಿಗೆ ನಾ ಮಾತು ಕೊಟ್ಟೀನ್ರಿ. ಒಯ್ಯೂದಾದ್ರ ಈಗ ಒಯ್ಯಬೇಕು.”

“ಹತ್ತು ನಿಮಿಷ. ಆಮೇಲೆ ಕಟ್ಟರ್ ನಿನ್ನ ಕೈಗೇ ಕೊಡ್ತೇನೆ.”

ಪ್ರೇಕ್ಷಾ ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು. “ಬಾಗಿ ಅಕ್ಕನ ಗಾಜಿನ ಪೆಟ್ಟಿಗೇಲಿ ಇದೆ! ಬಜೆ ಗರಮ್ ಇಡೋದಕ್ಕೆ!” ಎನ್ನುತ್ತ ಮೆಟ್ಟಿಲಿಳಿದು ಓಡಿದಳು.

ಬಾಗಿ ಕೆಳಗಿನ ಅಂಗಡಿಯವಳು. ಗೋಳಿಬಜೆ, ವಡೆ ಮಾರುತ್ತಾಳೆ. ತಿಂಡಿ ತಣಿಯದಿರಲೆಂದು ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಬಲ್ಬು ಉರಿಸುವುದು ಅವಳ ವಾಡಿಕೆ. ಅವಳ ಧ್ವನಿ ಮೂರನೆಯ ಮಹಡಿಗೂ ಕೇಳಿಸಿತು: “ಎಂತ ಮಾರಾಯ್ತಿ! ನಾಲ್ಕು ಗಂಟೆಯ ಗಿರಾಕಿ ಬರುವ ಹೊತ್ತಿಗೆ ಬಲ್ಬು ಬಿಚ್ಚುದಾ? ನಿನ್ನ ಅಜ್ಜನಿಗೆ ಹೇಳು, ಬಜೆ ತಣ್ಣಗಾದ್ರೆ ಎಲ್ಲ ಅವರೇ ತಿನ್ನಬೇಕು!”

ಪ್ರೇಕ್ಷಾ ತಿರುಗಿ ಬರುವಷ್ಟರಲ್ಲಿ ಲೀಲಾಧರರು ಕತ್ತರಿಸಿದ ದಪ್ಪ ತಂತಿಯನ್ನು ಬೆಸೆದು, ವಾಲ್ವುಗಳನ್ನು ಅವುಗಳ ಜಾಗದಲ್ಲಿ ಕೂರಿಸಿದ್ದರು. ಅವಳು ದುಪಟ್ಟಾದಲ್ಲಿ ಸುತ್ತಿ ತಂದ ಬಲ್ಬಿಗೆ ಎಣ್ಣೆಯ ಜಿಡ್ಡು ಮೆತ್ತಿತ್ತು. ಬಟ್ಟೆಯ ಮೇಲಿನಿಂದಲೂ ಸುಡುತ್ತಿತ್ತು. ಅದನ್ನು ಒರೆಸಿ ಬೋರ್ಡಿಗೆ ಹಾಕಿದರು. ಸ್ವಿಚ್ಚಿನ ಮೇಲೆ ಬೆರಳಿಟ್ಟವರು ಒಮ್ಮೆ ಕಣ್ಣು ಮುಚ್ಚಿದರು. ಒತ್ತಿದರು.

ಬಲ್ಬು ಝಗ್ಗನೆ ಉರಿಯಿತು.

ಬೆಳಕು ಹಾಗೆಯೇ ನಿಂತಿತ್ತು. ಬಿಸಿಯಾಗದ ವಾಲ್ವುಗಳು ಮೊದಮೊದಲು ಹೆಚ್ಚು ಎಳೆಯುತ್ತವೆಂದು ಲೀಲಾಧರರಿಗೆ ಗೊತ್ತಿತ್ತು. ಎಷ್ಟು ಹೊತ್ತು ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು. ರಂಜನನ ಕೈ ಕಟ್ಟರಿನತ್ತ ಸರಿಯಿತು. ಆಗ ಬೆಳಕು ಒಂದಿಷ್ಟು ಕುಗ್ಗಿತು. ಇನ್ನಷ್ಟು ಕುಗ್ಗಿತು. ಬಿಳಿ ಹಳದಿಯಾಗಿ, ಹಳದಿ ಕೆಂಪಾಗಿ, ಕೊನೆಗೆ ಒಳಗಿನ ತಂತಿ ಊದಿನಕಡ್ಡಿಯ ತುದಿಯಷ್ಟು ಮಿಣುಕಿ ನಿಂತಿತು. ಪೆಟ್ಟಿಗೆಯೊಳಗೆ ಒಂದರ ಹಿಂದೊಂದು ವಾಲ್ವುಗಳು ಮಂದವಾಗಿ ಕೆಂಪೇರಿದವು. ಲೀಲಾಧರರು ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈಯಿಟ್ಟರು; ಅದು ಸಣ್ಣಗೆ ಅದುರುತ್ತಿತ್ತು.

ರಂಜನ್ ಕಿಟಕಿಗೆ ಹೋಗಿ ಕೆಳಗಿನ ಟೆಂಪೋದವನಿಗೆ ಕೂಗಿದ: “ಜಾವ್ ರೇ, ಗಾಡಿ ಖಾಲೀ ಲೇಕೇ ಜಾವ್!”

ಲೀಲಾಧರರು ನೆರೂಳಕ್ಕೆ ಫೋನು ಮಾಡಿದರು.

“ವೇದಕ್ಕ, ಅದು ಸತ್ತಿಲ್ಲ. ಬದುಕಿದೆ.”

“ನೀವೇ ಅಲ್ವಾ ಮಾರಾಯ್ರೆ ಬೆಳಿಗ್ಗೆ ಸತ್ತಿತು ಹೇಳಿದ್ದು?”

“ಹೌದು. ತಪ್ಪಿದ್ದು ನಾನು. ಪೆಟ್ಟಿಗೆ ಸರಿ ಇದೆ. ತಪ್ಪಿದ್ದು ನಾನೇ.”

ರಂಜನ್ ಹೊರಟುಹೋದ ಮೇಲೆ ಪ್ರೇಕ್ಷಾ ಬಾಗಿಲ ಹತ್ತಿರವೇ ನಿಂತಿದ್ದಳು, ಬೈಗುಳಕ್ಕೆ ಕಾದವಳಂತೆ. ಬೈಗುಳ ಬರಲಿಲ್ಲ. ಲೀಲಾಧರರು ಹಳದಿ ಕಡ್ಡಿಗಳ ಬಲ್ಬನ್ನು ಅಂಗೈಯಲ್ಲಿ ಉರುಳಿಸುತ್ತಿದ್ದರು.

“ಒಡೆದದ್ದನ್ನು ಹೇಳದೆ ಇಟ್ಟದ್ದು ನೀನೊಬ್ಬಳೇ ಅಲ್ಲ” ಎಂದರು. “ಎಂಬತ್ತೊಂದರಲ್ಲಿ ಮೊದಲನೆಯದು ಯಾಕೆ ಹೊಗೆಯಾಡಿತು ಗೊತ್ತುಂಟಾ? ನಾನು ಲೆಕ್ಕ ತಪ್ಪಿದ್ದೆ. ಕರೆಂಟು ಒಳಗೆ ಬರುವ ಕಡೆಯಲ್ಲೇ ಇನ್ನೂರು ಸುತ್ತು ಕಡಿಮೆ. ಮೂರನೆಯ ಸಲ ನಿನ್ನ ಅಜ್ಜಿ ಪಕ್ಕದಲ್ಲಿ ಬಂದು ಕೂತಳು. ನೀವು ಬರೀ ತಿರುಗಿಸಿ, ಎಣಿಸುದು ನನಗೆ ಬಿಡಿ ಹೇಳಿದಳು. ನೂರು ಸುತ್ತಿಗೆ ಒಂದು ಹುಣಸೆ ಬೀಜ ತಟ್ಟೆಗೆ ಹಾಕ್ತಾ ಹೋದಳು. ಐದು ದಿನ. ಮೂವತ್ತೆಂಟು ಬೀಜ, ಮೇಲೆ ತೊಂಬತ್ತು. ಲೆಕ್ಕ ಎಲ್ಲ ನಾಗವೇಣಿಯದ್ದು. ನಾನು ಹಿಡಿಕೆ ತಿರುಗಿಸಿದ್ದು ಮಾತ್ರ.”

“ಆದ್ರೆ ನೀವು ಹಮೇಶಾ ಹೇಳೋದು, ಒಬ್ಬನೇ ಕೂತು...”

“ಹೇಳ್ತಿದ್ದೆ. ನಾನು ಅದನ್ನು ಹೇಳುವಾಗೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗ್ತಿದ್ದಳು. ಒಂದು ದಿನವೂ ಬಾಯಿ ಬಿಡಲಿಲ್ಲ.”

ನಾಗವೇಣಿ ತೀರಿಕೊಂಡು ಆರು ವರ್ಷವಾಗಿತ್ತು. ಕೆಳಗಿನಿಂದ ಬಾಗಿ ಬಲ್ಬು ಬಲ್ಬು ಎಂದು ಕೂಗುತ್ತಿದ್ದಳು. ಇಬ್ಬರಿಗೂ ಅದು ಕಿವಿಗೆ ಬೀಳಲಿಲ್ಲ. ಪ್ರೇಕ್ಷಾ ಸ್ಟೂಲನ್ನು ಎಳೆದುಕೊಂಡು ಬಂದು ಮೇಜಿನ ಪಕ್ಕ, ಅಜ್ಜನ ಮೊಣಕೈಗೆ ತಾಗುವಷ್ಟು ಹತ್ತಿರ, ಕುಳಿತಳು.

“ಅಜ್ಜ, ಫಿರ್ ಸೇ ಹೇಳಿ ನಾ. ಶುರುವಿನಿಂದ. ಈ ಸಲ ಅಜ್ಜಿ ಕೂಡ ಇರಲಿ.”